ವೀಳ್ಯ ಮುಟ್ಟದ ಮಾಲತೀಬಾಯಿ

ಜಹೀರಾಬಾದಿನ ಕಚೇರಿ ಗುಮಾಸ್ತರಾದ ನಾವು ವರ್ಷಕ್ಕೊಂದು ನಾಟಕ ಆಡುತ್ತಿದ್ದೆವು. ಗಂಡು ಪಾತ್ರಗಳಿಗೆ ನಮ್ಮ ಮುಸುಡಿಗಳೇ ಗತಿ. ಹೆಣ್ಣು ಪಾತ್ರಕ್ಕೆ ಮಾತ್ರ ನಾಟಕ ಕಂಪನಿಯ ಕಲಾವಿದೆಯನ್ನು ಕರೆಸಬೇಕು. ಆಕೆ ಮಾತು ಓದಿ ನೋಡಿ, ಒಪ್ಪಿಗೆಯಾದರೆ ವೀಳ್ಯದ ತಟ್ಟೆ ಮುಟ್ಟುತ್ತಾಳೆ. ಮುಟ್ಟದಿದ್ದರೆ ಆ ವರ್ಷ ನಾಟಕವಿಲ್ಲ.

ಎಪ್ಪತ್ತೈದರಲ್ಲಿ ನಾಟಕ ನಾನೇ ಬರೆದೆ. ನಿಜಾಮರ ಕಾಲದಲ್ಲಿ ಕುದುರೆಯ ಮೇಲೆ ಊರೂರು ತಿರುಗಿ, ಸಿಡುಬು ಬಾರದಂತೆ ಮಕ್ಕಳಿಗೆ ದೇವಿ ಹಾಕಿದ ಡಾಕ್ಟರನೊಬ್ಬನ ಕಥೆ. ಸೂಜಿ ಚುಚ್ಚಿಸಿದರೆ ಸಿಡುಬಿನ ಅಮ್ಮ ಮುನಿಯುತ್ತಾಳೆಂದು ಹೆದರಿದ ಒಬ್ಬ ತಾಯಿ ಮಗಳನ್ನು ಬಚ್ಚಿಟ್ಟು, 'ನಮ್ಮನಿಯಾಗ ಕೂಸಿಲ್ಲರಿ' ಎಂದು ಬಾಗಿಲಿನಿಂದಲೇ ಅವನನ್ನು ಸಾಗಹಾಕುತ್ತಾಳೆ. ಮೂರನೇ ಅಂಕದಲ್ಲಿ ಕೂಸು ಸಿಡುಬೆದ್ದು ಸಾಯುತ್ತದೆ. ಓದಿದವರೆಲ್ಲ ಭೇಷ್ ಅಂದಿದ್ದರು. ಸುಳ್ಳೇಕೆ, ನಾನೂ ಉಬ್ಬಿದ್ದೆ.

ತಾಂಡೂರಿನಲ್ಲಿ ಮೊಕ್ಕಾಂ ಮಾಡಿದ್ದ ಕಂಪನಿಯಿಂದ ಮಾಲತೀಬಾಯಿ ಬಂದರು. ನಮ್ಮ ಮನೆಯ ಪಡಸಾಲೆಯಲ್ಲಿ ಕೂತು, ಕನ್ನಡಕ ಏರಿಸಿ, ತಾಯಿ ಬಾಗಿಲಲ್ಲಿ ಆಡುವ ಆ ಒಂದು ಮಾತನ್ನು ಅತ್ತು ಓದಿದರು, ಸಿಟ್ಟಿನಿಂದ ಓದಿದರು, ಪಿಸುಗುಟ್ಟಿಯೂ ನೋಡಿದರು. ಕೊನೆಗೆ ತಟ್ಟೆಯನ್ನು ನನ್ನ ಕಡೆಗೇ ಸರಿಸಿಬಿಟ್ಟರು.

"ಬಾಯಾಗ ಕೂಡವಲ್ದರಿ, ಆತ್ಮಾರಾಮ್‌ರಾವ್. ಕೂಸು ಒಳಗದ. ತಾಯಿ ಜೀವ ಅದರ ಕಡೀಗೇ ಇರ್ತದ. ಬಾಗಿಲಿಗೆ ಬಂದು ಜವಾಬು ಕೊಡಾಕ ಆಕಿಗೆ ಎಲ್ಲಿ ಪುರಸೊತ್ತು? ಇದು ಗಂಡಸಿನ ಮಾತು. ಈ ಮನ್ಯಾಗ ಗಂಡಸು ಇಲ್ಲೇನು?"

"ಆತ ಊರಾಗಿಲ್ಲ. ಝರಾಸಂಗಮಕ್ಕ ಹೋಗ್ಯಾನ. ಬರದದ್ದು ಓದ್ರಿ, ಬಾಕಿ ಉಸಾಬರಿ ನಿಮಗ್ಯಾಕ?" ಎಂದು ರೇಗಿದೆ.

ಚಹಾ ತಂದ ನನ್ನ ಹೆಂಡತಿ ಕೌಶಲ್ಯಾ ಬಾಗಿಲಲ್ಲೇ ನಿಂತಿದ್ದಳು. ಹದಿನಾಲ್ಕು ವರ್ಷ ನಮ್ಮ ಮಗಳ ವಿಷಯಕ್ಕೆ ತುಟಿ ಬಿಚ್ಚದವಳು.

"ಊರಾಗೇ ಇದ್ರು," ಎಂದಳು. "ದೇವಿ ಹಾಕೋರು ಬಂದಾಗ ಕೂಸಿಲ್ಲ ಅಂದವರು ಇವರೇ ನೋಡ್ರಿ. ನಾ ಒಳಗ ಜ್ವಾಳದ ಚೀಲದ ಹಿಂದ ಕುಂತಿದ್ದೆ. ಅಳಬಾರ್ದಂತ ಅದರ ಬಾಯಿ ಮುಚ್ಚಿ ಹಿಡದಿದ್ದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೌದು, ಅಂದವನು ನಾನೇ. ಮುಂದಿನ ತಿಂಗಳೇ ಸಿಡುಬು ನನ್ನ ಮಗಳನ್ನು ಒಯ್ದಿತು. ಆ ಪಾಪವನ್ನು ಊರ ಮುಂದೆ ತಾಯಿಯ ತಲೆಗೆ ಕಟ್ಟಲು ಹೊರಟಿದ್ದೆ, ಅದಕ್ಕೆ ಕಂಪನಿಯ ಕಲಾವಿದೆ ಬೇರೆ! ಥೂ ನನ್ನ!

ಮಾಲತೀಬಾಯಿ ಮೆಲ್ಲಗೆ ಕೇಳಿದರು: "ಹ್ಯಾಂಗ ಹಿಡದಿದ್ದಿ, ತಂಗೀ?"

ಕೌಶಲ್ಯಾ ನೆಲಕ್ಕೆ ಕೂತಳು. ಖಾಲಿ ಮಡಿಲಿಗೆ ಸೆರಗು ಎಳೆದುಕೊಂಡು, ಅದರ ಮೇಲೆ ಅಂಗೈ ಇಟ್ಟು ತೋರಿಸಿದಳು. ಕೂಸು ಉಸಿರಾಡಲೆಂದು ಬೆರಳುಗಳ ನಡುವೆ ಸಂದು ಬಿಟ್ಟಿದ್ದಳು.

ನಾನು ಪೆನ್ನು ತೆಗೆದು ಆ ಮಾತಿನ ಎದುರಿದ್ದ 'ತಾಯಿ' ಹೊಡೆದುಹಾಕಿ 'ತಂದೆ' ಎಂದು ಬರೆದೆ. ಮಾಲತೀಬಾಯಿ ಅದನ್ನು ಓದಿ ನೋಡಿ ತಟ್ಟೆ ಮುಟ್ಟಿದರು.

"ತಂದಿ ಪಾರ್ಟು ಯಾರು ಮಾಡ್ತಾರ?"

"ನಾನೇ ಮಾಡ್ತೀನಿ," ಎಂದೆ.

ಕೌಶಲ್ಯಾ ಮಡಿಲಿನಿಂದ ಇನ್ನೂ ಕೈ ತೆಗೆದಿರಲಿಲ್ಲ. "ಕೂಸಿಗೆ ಏನ್ ಹೆಸರು ಇಟ್ಟೀರಿ?"

"ಸುಂದರಿ."

"ದ್ರೌಪದಿ ಅಂತ ಬರೀರಿ. ಅವತ್ತು ಇಲ್ಲ ಅಂದ್ರಿ. ನಮ್ಮನಿಯಾಗ ಆಕಿ ಇದ್ಲು ಅಂತ ನಾಕ ಮಂದಿಗಾದ್ರೂ ಗೊತ್ತಾಗ್ಲಿ."