ಎರಡು ಸಲ ತಟ್ಟಿದ ಮೇಲೆ

"ಮಂಡಿಯೂರಿದ್ದು ಸಾಕು ಏಳಪ್ಪ. ಚರ್ಚಲ್ಲಿ ಇಷ್ಟೊತ್ತು ಊರಿದ್ರೆ ಪಾದ್ರಿಗಾದ್ರೂ ಖುಷಿಯಾಗ್ತಿತ್ತು," ಎಂದಳು ಆಫ್ರಾ.

"ಪಾದ್ರಿ ಬಂದು ನಿನ್ನ ಕೊಂಡಿ ಕೆರೀತಾನಾ? ಸುಮ್ನೆ ನಿಂತ್ಕೋ."

ಕೊರ್ಬೀನಿಯನ್ ತಲೆ ಎತ್ತಲಿಲ್ಲ. ಮಗಳ ಎಡಗಾಲಿನ ಸ್ಕೀಯನ್ನು, ಹಿಮದ ಮೇಲೆ ಜಾರುವ ಆ ಉದ್ದ ಹಲಗೆಯನ್ನು, ತೊಡೆಗೆ ಆನಿಸಿಕೊಂಡು, ಬೂಟಿನ ಮೂತಿಯನ್ನು ಕಚ್ಚಿ ಹಿಡಿಯುವ ಕೊಂಡಿಯ ಅಡಿಯಿಂದ ಚಾಕುವಿನ ತುದಿಯಲ್ಲಿ ಹಿಮ ಕೆರೆಯುತ್ತಿದ್ದ. ಬೆಳಿಗ್ಗೆ ಬೆಟ್ಟ ಹತ್ತುವಾಗ ಬಿಸಿಲಿಗೆ ಒದ್ದೆಯಾದ ಹಿಮ ಹೆಜ್ಜೆ ಹೆಜ್ಜೆಗೂ ಅದರೊಳಗೆ ಹೊಕ್ಕಿತ್ತು. ನೆರಳಿನ ಬದಿಗೆ ಬಂದದ್ದೇ ತಡ, ಕಲ್ಲಾಗಿ ಕೂತಿತ್ತು. ಉಗುರಿನಷ್ಟು ಉಳಿದರೂ ಕೊಂಡಿಯ ದವಡೆ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದ ಹಾಗೆ ಕಾಣುತ್ತದೆ, ಟಕ್ಕೆಂದು ಸದ್ದನ್ನೂ ಮಾಡುತ್ತದೆ, ಇಳಿಜಾರಿನ ನಡುವೆ ಕೈಕೊಡುತ್ತದೆ. ಕೊಂಡಿಯ ಸ್ಪ್ರಿಂಗಿನ ಅಡಿಯ ಕತ್ತಲಲ್ಲಿ ಹಿಮ ಉಳಿದರೆ ಕಣ್ಣಿಗೆ ಕಾಣದು, ಬೆರಳಿಗೇ ಗೊತ್ತಾಗಬೇಕು. ಅವನು ಕೈಗವಸು ಕಳಚಿ, ಚಾಕುವಿನ ಪಕ್ಕದಲ್ಲೇ ತೋರುಬೆರಳನ್ನು ಒಳಗೆ ತೂರಿಸಿ ಆಡಿಸಿದ. ಏನೂ ತಾಗಲಿಲ್ಲ. ಕೈಯತ್ತ ನೋಡದೆ ಕೈಗವಸು ಹಾಕಿಕೊಂಡ.

ಆ ಕಣಿವೆಯವರ ರೂಢಿಯಲ್ಲಿ, ಬೆಟ್ಟ ಇಳಿಯುವ ಮುನ್ನ ಗುಂಪಿನ ಹಿರಿಯರೇ ಎಲ್ಲರ ಕೊಂಡಿ ನೋಡಬೇಕು. ಸರಿಯಿದ್ದರೆ ಸ್ಕೀ ಕೋಲಿನ ಹಿಡಿಯಿಂದ ಬೂಟಿನ ಮೇಲೆ ಎರಡು ಸಲ ತಟ್ಟಬೇಕು. ತಟ್ಟಿಸಿಕೊಂಡವರು ಮತ್ತೆ ಬಗ್ಗಿ ನೋಡಿದರೆ ಹಿರಿಯರ ಮುಖಕ್ಕೆ ಹೊಡೆದಂತೆಯೇ ಲೆಕ್ಕ. ನಲವತ್ತು ವರ್ಷ ಊರೂರಿನವರಿಗೆ ಬೆಟ್ಟದ ದಾರಿ ತೋರಿಸಿದ ಕೊರ್ಬೀನಿಯನ್ನಿಗೆ ಈಗ ಎಪ್ಪತ್ತೊಂದು. ಹಗ್ಗ, ನಕ್ಷೆ, ಮುಂದೆ ನಡೆಯುವ ಹಕ್ಕು ಎಲ್ಲವೂ ಒಂದೊಂದಾಗಿ ಮಗಳ ಪಾಲಾಗಿದ್ದವು. ತಟ್ಟುವುದೊಂದನ್ನು ಮಾತ್ರ ಅವನು ಬಿಟ್ಟುಕೊಟ್ಟಿರಲಿಲ್ಲ.

ಆಫ್ರಾ ಬೂಟನ್ನು ಕೊಂಡಿಗೆ ಒತ್ತಿದಳು. ಟಕ್ಕೆಂದಿತು. ಅವನು ಎರಡು ಸಲ ತಟ್ಟಿದ.

"ಕೆಳಗೆ ಸಿಗ್ತೀನಿ ಮುದುಕಪ್ಪ. ನಿನ್ನ ಪಾಲಿನ ಬ್ರೆಡ್ಡು ನಂಗೇ," ಎಂದು ಕೂಗಿ ಜಾರಿದಳು.

ಮೊದಲ ತಿರುವು, ಎರಡನೆಯದು. ಎಷ್ಟು ಚೆಂದ ಇಳಿಯುತ್ತಾಳೆ ಎಂದು ಅವನ ಎದೆ ಉಬ್ಬಿತು. ಮೂರನೆಯ ತಿರುವಿನಲ್ಲಿ ಎಡಗಾಲಿನ ಸ್ಕೀ ಕಳಚಿ ಬಿತ್ತು. ಅವಳು ಮಗುಚಿ, ಹೊಟ್ಟೆಯ ಮೇಲೆ, ತಲೆ ಕೆಳಗಾಗಿ ಜಾರತೊಡಗಿದಳು. ದಾರಿ ಪಕ್ಕಕ್ಕೆ ಹೊರಳಿತ್ತು; ನೇರ ಕೆಳಗೆ ಇಳಿಜಾರು ಮುಗಿದು ಬಂಡೆಯ ಅಂಚು, ಅದರಾಚೆ ಬರೀ ಗಾಳಿ. ಹೆತ್ತ ಮಗಳು ಜಾರಿಹೋಗುವುದನ್ನು ಅವನು ಸುಮ್ಮನೆ ನಿಂತು ನೋಡಿದ.

ಅಂಚಿಗೆ ಎರಡು ಮಾರು ಇರುವಾಗ ಅವಳು ಹೇಗೋ ಹೊರಳಿ, ಕೋಲನ್ನು ಹಿಮಕ್ಕೆ ಕುಕ್ಕಿ ಅದಕ್ಕೆ ಜೋತುಬಿದ್ದಳು. ಜಾರುವುದು ನಿಂತಿತು.

ಅವನು ಅಡ್ಡಡ್ಡ ಜಾರುತ್ತ ಇಳಿದ. ನಡುದಾರಿಯಲ್ಲಿ ಹಿಮಕ್ಕೆ ನಾಟಿಕೊಂಡು ನಿಂತಿದ್ದ ಅವಳ ಸ್ಕೀ ಸಿಕ್ಕಿತು. ಎತ್ತಿಕೊಂಡ. ಕೊಂಡಿಯ ಅಡಿ ಉಳಿದಿದ್ದ ಮಂಜುಗಡ್ಡೆಯ ಚೂರು, ಸ್ಕೀ ಬಿದ್ದ ಏಟಿಗೆ ಸಡಿಲಾಗಿ ಅರ್ಧ ಹೊರಗೆ ಇಣುಕುತ್ತಿತ್ತು. ಅದರಲ್ಲಿ ಒಂದು ಕೆಂಪು ಗೆರೆಯಿತ್ತು.

ಮಗಳ ಪಕ್ಕದಲ್ಲಿ ಅವನು ಕುಸಿದು ಕೂತ. ಅವಳ ತುಟಿ ಬಿಳಿಚಿಕೊಂಡಿತ್ತು. ಸ್ಕೀ ಕಸಿದುಕೊಂಡು ನೋಡಿದಳು.

"ರಕ್ತ... ನಂಗೆಲ್ಲೂ ಗಾಯ ಆಗಿಲ್ವಲ್ಲಪ್ಪ."

ಅವನು ಕೈಗವಸು ತೆಗೆದ. ಒಳಗೆಲ್ಲ ಒದ್ದೆ. ತೋರುಬೆರಳ ತುದಿ ಚಾಕುವಿಗೆ ಸಿಕ್ಕಿ ಸೀಳಿತ್ತು. ಯಾರದೋ ಬೆರಳೆಂಬಂತೆ ಅವನು ಅದನ್ನು ದಿಟ್ಟಿಸಿದ. ನೋವಿರಲಿಲ್ಲ. ಹೋದ ಚಳಿಗಾಲದಲ್ಲಿ ಹಿಮ ಕಚ್ಚಿ ಸ್ಪರ್ಶ ಸತ್ತ ಬೆರಳುಗಳವು. ಡಾಕ್ಟರು ಸೂಜಿ ಚುಚ್ಚಿದಾಗಲೂ ಅವನಿಗೆ ತಿಳಿದಿರಲಿಲ್ಲ. ಮನೆಯಲ್ಲಿ ಹೇಳಿರಲಿಲ್ಲ, ತನಗೆ ತಾನೂ ಅಷ್ಟಾಗಿ ಹೇಳಿಕೊಂಡಿರಲಿಲ್ಲ.

"ಯಾವಾಗಿಂದ?"

"ಹೋದ ಫೆಬ್ರವರಿ."

"ಹೇಳ್ಬಾರ್ದಿತ್ತಾ?" ಅವಳು ಸ್ಕೀಯನ್ನು ಹಿಮಕ್ಕೆ ಕುಕ್ಕಿದಳು. "ಸಾಯ್ತಿದ್ದೆ ಅಪ್ಪ ನಾನು!"

"ಹೇಳಿದ್ರೆ ತಟ್ಟೋಕೆ ಬಿಡ್ತಿದ್ಯಾ?"

"ಇಲ್ಲ," ಎಂದಳು ಆಫ್ರಾ.

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಅವಳು ತನ್ನ ಕರವಸ್ತ್ರದಿಂದ ಅವನ ಬೆರಳು ಕಟ್ಟಿದಳು. ಬಿಗಿಯಾಯಿತೇ ಎಂದು ಕೇಳಲಿಲ್ಲ. ಕೇಳಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಅವನ ಚಾಕು ತೆಗೆದುಕೊಂಡು ತನ್ನ ಎರಡೂ ಕೊಂಡಿಗಳನ್ನು ಕೆರೆದು, ಬೆರಳಿಟ್ಟು ನೋಡಿ, ಬೂಟು ಒತ್ತಿಕೊಂಡಳು. ಅವನು ಅಭ್ಯಾಸಬಲದಿಂದ ಕೋಲಿಗೆ ಕೈ ಚಾಚಿದ. ಅರ್ಧಕ್ಕೇ ಹಿಂತೆಗೆದುಕೊಂಡ.

"ನಿನ್ನ ಸ್ಕೀನೂ ಬಿಚ್ಚು," ಎಂದಳು.

ಅವನು ಒಂದೊಂದಾಗಿ ಸ್ಕೀ ಬಿಚ್ಚಿಕೊಟ್ಟ. ಅವಳು ಬಗ್ಗಿ ಕೆರೆದಳು. ಬರಿ ಬೆರಳು ತೂರಿಸಿ, ಚಳಿಗೆ ಹಲ್ಲು ಕಚ್ಚಿ, ಮೂಲೆ ಮೂಲೆ ತಡವಿದಳು. ತುಂಬ ಹೊತ್ತು ಹಿಡಿಯಿತು. ಅವನು ಬೂಟು ಒತ್ತಿದ. ಟಕ್, ಮತ್ತೊಂದು ಟಕ್.

ಆಫ್ರಾ ಕೋಲಿನ ಹಿಡಿಯಿಂದ ಅವನ ಬೂಟಿನ ಮೇಲೆ ಎರಡು ಸಲ ತಟ್ಟಿದಳು.

ನಲವತ್ತು ವರ್ಷದಿಂದ ಕೊಂಡಿಗಳತ್ತ ಬಗ್ಗಿದ ಬೆನ್ನು ಮತ್ತೊಮ್ಮೆ ನೋಡಲೆಂದು ತಾನಾಗಿ ಬಾಗಲು ಹೊರಟಿತು. ಅವನು ಅದನ್ನು ನೆಟ್ಟಗೆ ಮಾಡಿಕೊಂಡ. ಕೆಳಗಿನ ಕಣಿವೆಯನ್ನಷ್ಟೇ ನೋಡುತ್ತ, ಮಗಳು ಹೊರಡಲೆಂದು ಕಾದು ನಿಂತ.