ನಾರದ ಪುಡಿ

ಆ ಚಳಿಗಾಲವಿಡೀ ಹಂಗೇರಿಯ ಸೆಗೆಡ್ ಊರಿನ ಆಸ್ಪತ್ರೆಯ ನಮ್ಮ ವಾರ್ಡು ಕೊಳೆತ ಮೊಟ್ಟೆಯಂತೆ ಗಬ್ಬು ನಾರುತ್ತಿತ್ತು. ಆ ನಾತದ ಮೂಲವಾದ ಹೊಸ ಔಷಧದ ಪುಡಿಯನ್ನು ನೀರಿಗೆ ಕಲಸಿ ರೋಗಿಗಳಿಗೆ ಕುಡಿಸುವುದು ನನ್ನ ಕೆಲಸ.

ಪ್ರಯೋಗ ಡಾಕ್ಟರ್ ಗೆರ್ಜೋನ್‌ನದು. ರೋಗಿಗಳ ಮನೆಯವರನ್ನು ಕೂರಿಸಿಕೊಂಡು ಭಾಷಣ ಬಿಗಿದಿದ್ದ: "ಮಿದುಳಿಗೆ ಸಿಸ್ಟೀನ್ ಅನ್ನೋ ಅಮೈನೋ ಆಮ್ಲ ಬೇಕು. ನೇರವಾಗಿ ಸುರಿದ್ರೆ ವಿಷ. ಅದು ತಯಾರಾಗೋದಕ್ಕೆ ಮೊದಲಿನ ರೂಪ ಕೊಟ್ರೆ ಮೈಯೇ ಹದವಾಗಿ ಮಾಡ್ಕೊಳ್ಳುತ್ತೆ." ಅರ್ಧ ಜನಕ್ಕೆ ಔಷಧ, ಉಳಿದವರಿಗೆ ಬರೀ ಸಕ್ಕರೆ ಪುಡಿ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರಬಾರದು.

ಗೊತ್ತಾಗದಿರಲು ನಮಗೇನು ಮೂಗಿರಲಿಲ್ಲವೇ? ಸಕ್ಕರೆ ನಾರುವುದಿಲ್ಲ.

"ಡಾಕ್ಟ್ರೇ, ಸಕ್ಕರೆ ಪುಡಿಗೂ ಒಂಚೂರು ನಾತ ಸೇರಿಸ್ಬೇಕಿತ್ತಲ್ವಾ?" ಎಂದೆ.

"ನೀವು ಬಾಯಿ ಮುಚ್ಕೊಂಡಿದ್ರೆ ಸಾಕು, ಸಿಸ್ಟರ್ ಇಲ್ಕಾ."

ಎಮೊಕೆ ಎಂಬ ಹುಡುಗಿ ಮಿದುಳಿನ ಕಾಯಿಲೆಯಿಂದ ಮಾತು ಬಿಟ್ಟಿದ್ದಳು. ಅವಳಪ್ಪ ವೆಂಡೆಲ್ ಬೇಕರಿಯವನು. ಒಂದು ದಿನ ಮಗಳ ಲೋಟ ಮೂಸಿ ನನ್ನತ್ತ ತಿರುಗಿದ.

"ಪಕ್ಕದವಳ ಲೋಟ ನಾರುತ್ತೆ, ನನ್ ಮಗಳದ್ದು ಯಾಕಮ್ಮ ನಾರಲ್ಲ? ಬಡವರ ಮಗಳಿಗೆ ಶರಬತ್ತು ಸಾಕು ಅಂತಲಾ?"

"ಚೀಟಿ ಎತ್ತಿ ಹಂಚಿದ್ದು, ವೆಂಡೆಲ್. ಹೇಳೋ ಹಾಗಿಲ್ಲ."

ಮರುದಿನದಿಂದ ಅವನು ದಿನಾ ಬೆಳಿಗ್ಗೆ ಮೇಲೆ ಗಿಣ್ಣು ಉದುರಿಸಿ ಬೇಯಿಸಿದ ಬಿಸಿ ಪೊಗಾಚಾ ಬನ್ನುಗಳನ್ನು ಟವೆಲಿನಲ್ಲಿ ಸುತ್ತಿ ತಂದು ಮಗಳಿಗೆ ತಿನ್ನಿಸತೊಡಗಿದ. ಅಪ್ಪನ ಪ್ರೀತಿ ಅಂದುಕೊಂಡೆ. ಆಮೇಲೊಂದು ಬೆಳಿಗ್ಗೆ ಎಮೊಕೆ ವಾಂತಿ ಮಾಡಿ, ಕಣ್ಣು ಮೇಲೆ ಮಾಡಿ, ಮೈಯೆಲ್ಲ ಸೆಟೆದು ಬಿದ್ದಳು. ಉಳಿದಿದ್ದ ಬನ್ನನ್ನು ಮುರಿದರೆ ಗಿಣ್ಣಿನ ಕೆಳಗಿಂದ ಅದೇ ಕೊಳೆತ ಮೊಟ್ಟೆಯ ನಾತ.

ವೆಂಡೆಲ್ ತಲೆ ತಲೆ ಚಚ್ಚಿಕೊಂಡ. "ಹಿಟ್ಟು ಮೆತ್ತಗಾಗ್ಲಿ ಅಂತ ನಾವು ಹಾಕೋದೂ ಸಿಸ್ಟೀನೇ ಅಲ್ವಾ! ಬೇಕರಿಲಿ ಡಬ್ಬಿಗಟ್ಟಲೆ ಇದೆ. ಒಂದು ಚಿಟಿಕೆ ಹಾಕೋ ಕಡೆ ಮುಷ್ಟಿ ಹಾಕ್ದೆ. ನೀವು ಕೊಡ್ಲಿಲ್ಲ, ನಾನಾದ್ರೂ ಕೊಡೋಣ ಅಂತ..."

ಸಂಜೆಗೆ ಹುಡುಗಿಯ ಉಸಿರು ನಿಂತಿತೋ ಎನ್ನುವಷ್ಟು ಸಣ್ಣಗಾಗಿತ್ತು. ವೆಂಡೆಲ್ ಡಾಕ್ಟರ ಕೋಣೆಯ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಅವಳನ್ನು ಪ್ರಯೋಗದಿಂದ ಕೈಬಿಡಬೇಕೆಂದು ಹೇಳಲು ನಾನು ಗೆರ್ಜೋನ್‌ನ ಕೋಣೆಗೆ ಹೋದೆ.

"ಯಾಕೆ ಬಿಡ್ಬೇಕು? ಬನ್ನಿನ ಸುದ್ದಿ ಎತ್ತಬೇಡಿ," ಎಂದ ಮಹಾನುಭಾವ. "ಸಕ್ಕರೆ ಕುಡಿದವಳು ಕೆಟ್ಟಳು ಅಂತಷ್ಟೇ ಬರೀರಿ. ಔಷಧ ಕುಡಿದವರೇ ಮೇಲು ಅಂತ ಕಾಣುತ್ತೆ, ನಮಗೆ ಒಳ್ಳೇದೇ ಆಯ್ತು."

ಅವಳು ಕುಡಿದದ್ದು ಸಕ್ಕರೆಯೆಂದು ಇವನಿಗೂ ಗೊತ್ತಿತ್ತು! ಥೂ, ಇಂಥವನ ಕೈಕೆಳಗೆ ಇಷ್ಟು ದಿನ ದುಡಿದೆನಲ್ಲ ಎಂದು ನನ್ನ ಮೈಯೇ ನನಗೆ ಹೇಸಿಗೆಯಾಯಿತು. ಬಾಗಿಲು ತೆರೆದು ವೆಂಡೆಲ್‌ನನ್ನು ಒಳಗೆ ಕರೆದೆ.

"ಈಗ ಹೇಳಿದ್ರಲ್ಲ ಡಾಕ್ಟ್ರೇ," ಎಂದೆ, "ಅದನ್ನೇ ಇವರ ಮುಂದೆ ಇನ್ನೊಂದ್ಸಲ ಹೇಳಿ."