ಬೆನ್ನಿನ ತೊಗಲು

"ಪಟ್ಟಾ ಮತ್ತ ಜಾರಾಕತ್ತದ, ತಾಯಣ್ಣಾ. ಇವತ್ತು ನಗಬ್ಯಾಡ. ಲಗೂನ ಏಳು."

ಲಾರಿ ನಡೆಸುವ ಲಾಲ್ ಸಾಬ್ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದ. ನೀರಮಾನ್ವಿಯ ಏರಿನಿಂದ ಈ ಕೇರಿಯವರೆಗೆ ಉರಿಬಿಸಿಲಲ್ಲಿ ಓಡಿ ಬಂದಿದ್ದ. ಅವನ ಕೈಯಲ್ಲಿ ಉದ್ದನೆಯ ತೊಗಲಿನ ಪಟ್ಟಾ ಜೋತಾಡುತ್ತಿತ್ತು. ತಾಯಣ್ಣ ಕೂತಲ್ಲಿಂದಲೇ ಕೈ ಚಾಚಿ ಅದನ್ನು ಇಸಕೊಂಡು ಹೆಬ್ಬೆರಳಿನಿಂದ ಸವರಿದ. ಕನ್ನಡಿಯ ಹಾಗೆ ನುಣುಪಾಗಿತ್ತು. ಹಾಗಾಗಲಿ ಎಂದೇ ಅವನು ಹೊಲಿದು ಕೊಟ್ಟಿದ್ದ.

ಯುದ್ಧ ಶುರುವಾಗಿ ಪೆಟ್ರೋಲೆಲ್ಲ ದಂಡಿನ ಪಾಲಾದ ಮೇಲೆ ಮಾನ್ವಿಯ ಶೇಷಗಿರಿರಾಯರು ತಮ್ಮ ಲಾರಿಗೆ ಇದ್ದಿಲಿನ ಒಲೆ ಕಟ್ಟಿಸಿದ್ದರು. ಇದ್ದಿಲಿನ ಹೊಗೆ ಕುಡಿದು ಓಡುವ ಎಂಜಿನ್ನಿಗೆ ಕಸುವು ಎಲ್ಲಿಂದ ಬರಬೇಕು? ಸಪಾಟು ರಸ್ತೆಯಲ್ಲಿ ಹೇಗೋ ಓಡುತ್ತಿತ್ತು, ಏರು ಬಂತೆಂದರೆ ಮುದಿ ಎಮ್ಮೆ. ಲಾಲ್ ಸಾಬ್ ಸುಮ್ಮನೆ ಕೂರುವ ಆಸಾಮಿಯಲ್ಲ. ರಾಯಚೂರಿನ ಗುಜರಿಯಿಂದ ಗಾಳಿ ಊದುವ ಯಂತ್ರವೊಂದನ್ನು ತಂದು ಎಂಜಿನ್ನಿನ ಮುಂದೆ ಕೂರಿಸಿ, ಎರಡರ ಗಾಲಿಗಳಿಗೂ ಸೇರಿಸಿ ಒಂದು ಪಟ್ಟಾ ಹಾಕಿದ. ಎಂಜಿನ್ ತಿರುಗಿದಷ್ಟೂ ಆ ಯಂತ್ರ ಗಾಳಿಯನ್ನೂ ಹೊಗೆಯನ್ನೂ ಎಂಜಿನ್ನಿನ ಗಂಟಲಿಗೇ ತುರುಕುತ್ತಿತ್ತು. ಪೆಟ್ರೋಲಿನ ಲಾರಿಗಿಂತ ಇದೇ ಜೋರು ಎಂದು ಮಾನ್ವಿಯ ಸಂತೆಯಲ್ಲಿ ಮಾತಾಯಿತು.

ಜೋರೆಲ್ಲ ಪಟ್ಟಾದ ಹಿಡಿತದ ಮೇಲೆ. ರಬ್ಬರಿನದು ಆ ಕಾಲದಲ್ಲಿ ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ರಾಯಚೂರಿನ ಹತ್ತಿ ಗಿರಣಿಯೊಂದರಲ್ಲಿ ಹನ್ನೊಂದು ವರ್ಷ ಪಟ್ಟಾ ಹೊಲಿದಿದ್ದ ತಾಯಣ್ಣನೇ ಗತಿಯಾದ. ಕೋಣದ ಬೆನ್ನಿನ ತೊಗಲು ಹಿಗ್ಗುವುದಿಲ್ಲ, ಹೊಟ್ಟೆಯ ತೊಗಲು ಎಂಟು ದಿನಕ್ಕೆ ಹಿಗ್ಗಿ ಸಡಿಲಾಗುತ್ತದೆ. ತೊಗಲಿನ ಕೆಲಸದವರಿಗೆ ಇದು ಗೊತ್ತು, ಮೋಟಾರಿನವರಿಗೆ ಗೊತ್ತಿಲ್ಲ. ರಾಯರ ಲಾರಿಗೆ ತಾಯಣ್ಣ ಆರಿಸಿ ಆರಿಸಿ ಹೊಟ್ಟೆಯ ತೊಗಲನ್ನೇ ಕೊಯ್ದ. ಲಾಲ್ ಸಾಬ್ ಪಟ್ಟಾಕ್ಕೆ ರಾಳ ಸುರಿದ, ಔಡಲೆಣ್ಣೆ ಸವರಿದ, ಅದನ್ನು ಬಿಗಿಯಾಗಿ ಒತ್ತಿ ಹಿಡಿಯಲೆಂದು ಪಕ್ಕಕ್ಕೆ ಇನ್ನೊಂದು ಸಣ್ಣ ಗಾಲಿಯನ್ನೇ ಕೂರಿಸಿದ. ಏರಿನ ನಡುವೆ ಪಟ್ಟಾ ಕಿರುಚಿ ಜಾರುವುದು ಮಾತ್ರ ತಪ್ಪಲಿಲ್ಲ. ಲಾರಿ ನಿಂತುಬಿಡುತ್ತಿತ್ತು. ಜನ ಇಳಿದು ನೂಕುತ್ತಿದ್ದರು. ರಾಯರು ಧೋತರ ಎತ್ತಿಕಟ್ಟಿ ಹಿಂದಿನಿಂದ ಮಣ್ಣು ತಿನ್ನುತ್ತ ನಡೆಯುತ್ತಿದ್ದರು. ತಾಯಣ್ಣ ಅಂಗಳದಲ್ಲಿ ಕೂತು ಅದನ್ನು ಕಣ್ಣು ತುಂಬ ನೋಡುತ್ತಿದ್ದ. ಹೊಟ್ಟೆ ತಣ್ಣಗಾಗುತ್ತಿತ್ತು, ರಾತ್ರಿಯಾಗುವುದರೊಳಗೆ ಮತ್ತೆ ಉರಿಯುತ್ತಿತ್ತು.

ಉರಿಯದೆ ಏನು ಮಾಡೀತು? ಎರಡು ವರ್ಷದ ಹಿಂದೆ, ಪೆಟ್ರೋಲು ಇನ್ನೂ ಸಿಗುತ್ತಿದ್ದಾಗ, ಇದೇ ಏರಿನಲ್ಲಿ ಇದೇ ಲಾರಿಗೆ ಅವನು ಕೈ ಅಡ್ಡ ಹಾಕಿದ್ದ. ಹೆಗಲ ಮೇಲೆ ಹಾವು ಕಡಿದ ಮಗಳು ದುರುಗಮ್ಮ ಇದ್ದಳು. ರಾಯರು ಮುಂದಿನ ಸೀಟಿನಿಂದ ನೋಡಿ, ಮುಂದಿನ ಗಾಡಿಗೆ ಬಾ ಎಂದು ಕೈಯಾಡಿಸಿದ್ದರು. ಎತ್ತಿನ ಗಾಡಿ ರಾಯಚೂರ ದಾರಿಯ ಕಲ್ಲೂರು ಮುಟ್ಟುವುದರೊಳಗೆ ಹುಡುಗಿ ತಣ್ಣಗಾಗಿದ್ದಳು. ರಾಯರಿಗೆ ಅದು ನೆನಪೂ ಇರಲಿಲ್ಲ. ನೆನಪಿದ್ದಿದ್ದರೆ ಅವನ ಹತ್ತಿರ ಪಟ್ಟಾ ಕೊಳ್ಳುತ್ತಿದ್ದರೇ? ತಾಯಣ್ಣನಿಗೆ ಮಗಳು ಹೋದದ್ದರಷ್ಟೇ ಈ ಮರೆವೂ ಸುಡುತ್ತಿತ್ತು.

"ಗಾಡ್ಯಾಗ ಯಾರದಾರ?" ತಾಯಣ್ಣ ಕೇಳಿದ.

"ರಾಯರು, ಅವರ ಹೆಣ್ತಿ, ಮಗಳು ಸತ್ಯಭಾಮಾಬಾಯಿ. ದೇವದುರ್ಗದಿಂದ ಹೆರಿಗಿಗಂತ ತವರಿಗೆ ಬಂದಿದ್ದಳು. ಕೂಸು ಅಡ್ಡ ಬಿದ್ದದ. ನಿನ್ನಿಯಿಂದ ಒದ್ದಾಡಾಕತ್ಯಾಳ. ಸಂಜಿಯೊಳಗ ರಾಯಚೂರ ದವಾಖಾನಿ ಮುಟ್ಟದಿದ್ರ ಎರಡೂ ಜೀವ ಉಳಿಯಂಗಿಲ್ಲ ಅಂತ ಸೂಲಗಿತ್ತಿ ಹೇಳ್ಯಾಳ."

ಒಲೆಯ ಮುಂದಿದ್ದ ಹೆಂಡತಿ ಮಾನಮ್ಮ ತಿರುಗಿ ಕೂತಳು. "ಮುಂದಿನ ಗಾಡಿಗಿ ಬಾ ಅನ್ನು," ಎಂದಳು. ಅವಳ ದನಿ ಏರಲಿಲ್ಲ. "ಅವತ್ತು ಆ ರಾಯ ಅಂದದ್ದು ಅದೇ ಅಲ್ಲೇನು? ಹಂಗ ಅನ್ನು. ಅಂದು ಸುಮ್ಮನ ಕುಂದ್ರು."

ಲಾಲ್ ಸಾಬ್ ತಲೆ ತಗ್ಗಿಸಿದ. "ಅವತ್ತು ಗಾಡಿ ನಡಸಾಕತ್ತಿದ್ದಾಂವ ನಾನ, ಮಾನಮ್ಮ. ಹೊಟ್ಟೀಪಾಡು ನೋಡಿ ಬಾಯಿ ಮುಚಗೊಂಡೆ. ನನಗ ಏನರ ಅನ್ರಿ. ಆ ಹೆಣ್ಣುಮಗಳು ಏನ ಮಾಡ್ಯಾಳ?"

"ನನ್ನ ಮಗಳು ಏನ ಮಾಡಿದ್ದಳು?"

ತಾಯಣ್ಣ ಎದ್ದ. ಗಿರಣಿಗೆಂದು ಮಾಡಿಟ್ಟಿದ್ದ ಬೆನ್ನಿನ ತೊಗಲಿನ ಪಟ್ಟಾವನ್ನು ಗೋಡೆಯಿಂದ ಇಳಿಸಿ ಹೆಗಲಿಗೆ ಹಾಕಿಕೊಂಡ. ದಬ್ಬಣ, ತೊಗಲು ಕೊಯ್ಯುವ ರಂಪಿಗೆ ಚೀಲಕ್ಕೆ ಹಾಕಿದ. ತೊಗಲು ಹದ ಮಾಡುವ ತಂಗಡಿ ತೊಗಟೆಯ ಕಪ್ಪು ನೀರಲ್ಲಿ ನೆನೆಯುತ್ತಿದ್ದ ಹೊಲಿಯುವ ಬಾರನ್ನು ಎತ್ತಿ ಕೈಗೆ ಸುತ್ತಿಕೊಂಡ. ಮಾನಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ದಯೆ ಇರಲಿಲ್ಲ. ಹಾಗಾಗಿ ಅವಳು ತಡೆಯಲಿಲ್ಲ.

ಏರಿನ ನಡುವೆ ಲಾರಿ ಗಾಲಿಗೆ ಕಲ್ಲು ಕೊಟ್ಟುಕೊಂಡು ನಿಂತಿತ್ತು. ಹಿಂದೆ ಹಾಸಿದ ಹತ್ತಿಯ ಮೇಲೆ ಸತ್ಯಭಾಮಾಬಾಯಿ ಮಲಗಿದ್ದಳು. ತಾಯಿ ಜಯಾಬಾಯಿ ಮಗಳ ಎರಡೂ ಕೈ ಒತ್ತಿ ಹಿಡಿದು ಹನುಮಪ್ಪನ ಹೆಸರು ಹೇಳುತ್ತಿದ್ದರು. ಹುಡುಗಿಯ ನರಳಾಟ ಆಗಲೇ ಕೂಗಾಟದ ದಾರಿ ಬಿಟ್ಟು, ದನ ಗುಟುರು ಹಾಕಿದಂತೆ ಆಳಕ್ಕೆ ಇಳಿದಿತ್ತು. ರಾಯರು ರಸ್ತೆಯಲ್ಲಿ ಬರಿಗಾಲಲ್ಲಿ ನಿಂತಿದ್ದರು. ಹಣೆಯ ಅಂಗಾರ ಅಕ್ಷತೆ ಬೆವರಿಗೆ ಕರಗಿ ಮೂಗಿನ ಮೇಲೆ ಹರಿದಿತ್ತು.

"ತಾಯಣ್ಣ, ಏನರೆ ಮಾಡಪ್ಪಾ. ಏನ ಕೇಳಿದ್ರೂ ಕೊಡತೀನಿ."

"ಏನೂ ಬ್ಯಾಡ್ರಿ. ಕೆಲಸಕ್ಕ ಕೂಡರಿ, ಸಾಕು."

ಕೂದಲಿದ್ದ ಮೈ ಒಳಗೆ ಬರುವಂತೆ ತಾಯಣ್ಣ ಪಟ್ಟಾವನ್ನು ಎರಡೂ ಗಾಲಿಗಳ ಮೇಲೆ ಬಳಸಿದ. ತುದಿಗಳು ಕೂಡುವ ಹಾಗೆ ಊದುವ ಯಂತ್ರವನ್ನು ಹಾರೆಯಿಂದ ಮೀಟಿ ಹಿಡಿಯುವ ಕೆಲಸ ಲಾಲ್ ಸಾಬನದಾಯಿತು. ಅವನು ಮೈಭಾರವನ್ನೆಲ್ಲ ಹಾರೆಯ ಮೇಲೆ ಬಿಟ್ಟು, ಇವರಿಗೆ ಬೆನ್ನು ಮಾಡಿ ನಿಂತ. ಇನ್ನು ಹೊಲಿಗೆ. ಬಾರಿನ ಎರಡು ತುದಿಗಳನ್ನು ಎದುರುಬದುರು ಎಳೆದು ಬಿಗಿಯುತ್ತ ಹೋಗಬೇಕು. ತಾಯಣ್ಣ ಒಂದು ತುದಿಯನ್ನು ತನ್ನ ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ರಾಯರ ಕಡೆ ಚಾಚಿದ. ರಾಯರು ಕೈ ನೀಡಿದರು.

ತಾಯಣ್ಣ ತಲೆಯಾಡಿಸಿದ. ಬಾಯಿಂದ ಬಾರು ತೆಗೆದು, "ಕೈಯಾಗ ಜಾರತದ್ರಿ, ತೊಯ್ದ ತೊಗಲು," ಎಂದ. "ಹಲ್ಲಾಗ ಹಿಡೀಬೇಕು."

ರಾಯರು ಬಾರನ್ನು ನೋಡಿದರು. ಕಪ್ಪು ನೀರು ತೊಟ್ಟಿಕ್ಕುತ್ತಿತ್ತು, ಅದರ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಬೆಳಿಗ್ಗೆ ಎದ್ದು ಮಡಿಯಲ್ಲಿ ಸಾಲಿಗ್ರಾಮಕ್ಕೆ ನೀರೆರೆದ ಮನುಷ್ಯ, ಐವತ್ತು ವರ್ಷದಲ್ಲಿ ಪರರ ಮನೆಯ ನೀರು ಬಾಯಿಗಿಟ್ಟವರಲ್ಲ. ಹಿಂದಿನಿಂದ ಮಗಳು "ಅಪ್ಪಾ" ಎಂದಳು. ರಾಯರು ಧೂಳಿನಲ್ಲಿ ಮೊಣಕಾಲೂರಿ, ಕಣ್ಣು ಮುಚ್ಚಿ, ಬಾರನ್ನು ಬಾಯಿಗೆ ತಗೊಂಡು ಕಚ್ಚಿದರು.

ತಾಯಣ್ಣನ ಎದೆಯಲ್ಲಿ ಏನೋ ಕುಣಿಯಿತು. ತನ್ನ ತುದಿಯನ್ನು ಮತ್ತೆ ಕಚ್ಚಿ ದಬ್ಬಣ ಚುಚ್ಚಿದ, ಎಳೆದ, ಮತ್ತೆ ಚುಚ್ಚಿದ. ಇಬ್ಬರ ಮುಖಗಳ ನಡುವೆ ಒಂದು ಗೇಣು ಜಾಗ. ಮೂರು ಹೊಲಿಗೆ ಆದ ಮೇಲೆ ಅವನು ತನ್ನ ಹಲ್ಲಿನಲ್ಲಿದ್ದ ತುದಿಯನ್ನು ತೆಗೆದು, ಕಾಲಿನ ಹೆಬ್ಬೆರಳಿಗೆ ಸುತ್ತಿ, ನೆಲಕ್ಕೆ ಒತ್ತಿ ಹಿಡಿದ. ಬಾರು ಒಂದಿಷ್ಟೂ ಸಡಿಲಾಗಲಿಲ್ಲ.

ರಾಯರ ಕಣ್ಣು ಆ ಹೆಬ್ಬೆರಳಿನ ಮೇಲೆ ಬಿತ್ತು. ಅಲ್ಲೇ ನಿಂತಿತು. ಹಲ್ಲು ಬೇಕಿರಲಿಲ್ಲ ಎಂಬುದು ಅವರಿಗೆ ತಿಳಿಯಿತು, ತಿಳಿಯಲಿ ಎಂದೇ ತಾಯಣ್ಣ ಕಾಲು ಮುಂದೆ ಇಟ್ಟಿದ್ದ.

"ಬಿಡಬ್ಯಾಡ್ರಿ," ಎಂದ ಮೆಲ್ಲಗೆ. "ಬಿಟ್ರ ಹೊಲಿಗಿ ಬಿಚ್ಚತದ, ಮೊದಲಿಂದ ಹಾಕಬೇಕು. ಸುಮ್ಮನ ಕೇಳ್ರಿ. ಇದೇ ಏರಿನಾಗ ನಾ ಒಂದು ದಿನ ಕೈ ಅಡ್ಡ ಹಾಕಿದ್ದೆ. ನನ್ನ ಹೆಗಲಮ್ಯಾಲ ಏಳು ವರ್ಷದ ಹುಡುಗಿ ಇದ್ದಳು, ಹಾವು ಕಡಿದಿತ್ತು. ಗಾಡ್ಯಾಗ ಜಾಗ ಇತ್ತು. ಮೂಲ್ಯಾಗ ನಿಂದ್ರತೀನಿ ಅಂದೆ, ಹಿಂದ ಜೋತ ಬೀಳತೀನಿ ಅಂದೆ. ನೀವು ಮುಂದಿನ ಗಾಡಿಗಿ ಬಾ ಅಂದ್ರಿ. ಮುಂದಿನ ಗಾಡಿ ಇಲ್ಲ ಅಂತ ನಿಮಗ ಗೊತ್ತಿತ್ತು. ಈ ದಾರ್ಯಾಗ ಇದ್ದದ್ದು ನಿಮ್ಮದೊಂದೇ."

ಉತ್ತರ ಕೊಡಲು ರಾಯರ ಬಾಯಿ ಬಿಡುವಾಗಿರಲಿಲ್ಲ. ಕಪ್ಪು ನೀರು ಗದ್ದದಿಂದಿಳಿದು ಜನಿವಾರದ ಮೇಲೆ ಬೀಳುತ್ತಿತ್ತು. ಕಣ್ಣಲ್ಲಿಯೂ ನೀರಿತ್ತು.

"ಆಕಿ ಹೆಸರು ದುರುಗಮ್ಮ. ಇನ್ನ ಮರೀಬ್ಯಾಡ್ರಿ. ಆರು ತಿಂಗಳಿಂದ ನಿಮ್ಮ ಪಟ್ಟಾ ಜಾರಿದ್ದೂ ನನ್ನ ಕೈಲೇ. ಹೊಟ್ಟಿ ತೊಗಲು ಕೊಯ್ದು ಕೊಟ್ಟೀನಿ. ಬೇಕಂತಲೇ."

ಇನ್ನೂ ಹೇಳುವುದಿತ್ತು. ಇಷ್ಟು ದಿನ ರಾತ್ರಿ ಮಲಗಿ ಜೋಡಿಸಿಟ್ಟ ಮಾತು ಸಾವಿರ ಇದ್ದವು. ಅಷ್ಟರಲ್ಲಿ ಹಿಂದೆ ಹುಡುಗಿಯ ದನಿ ನಿಂತುಹೋಯಿತು. ಜಯಾಬಾಯಿ "ಸತ್ಯಾ, ಸತ್ಯಾ" ಎಂದು ಕೆನ್ನೆ ತಟ್ಟತೊಡಗಿದರು. ದುರುಗಮ್ಮನ ದನಿಯೂ ಕಲ್ಲೂರಿನ ಹತ್ತಿರ ಹೀಗೆಯೇ ನಿಂತಿತ್ತು. ತಾಯಣ್ಣ ಬಾಗಿ ದಬ್ಬಣವನ್ನು ತೊಗಲಿಗೆ ಇಳಿಸಿದ. ಗಿರಣಿಯ ಮೇಸ್ತ್ರಿ ತಲೆಯ ಮೇಲೆ ನಿಂತಾಗಲೂ ಅಷ್ಟು ಬೇಗ ಹೊಲಿದವನಲ್ಲ. ಉಳಿದ ಆರು ಹೊಲಿಗೆ ಮುಗಿಸಿ, ಗಂಟು ಹಾಕಿ, "ಬಿಡ್ರಿ," ಎಂದ. ರಾಯರಿಗೆ ದವಡೆ ಬಿಡಿಸಲು ಒಂದು ಗಳಿಗೆ ಹಿಡಿಯಿತು. ತಾಯಣ್ಣ ಗಂಟಿನಾಚೆ ಉಳಿದ ಬಾರನ್ನು ರಂಪಿಗೆಯಿಂದ ಕತ್ತರಿಸಿದ.

ಲಾಲ್ ಸಾಬ್ ಎಂಜಿನ್ ತಿರುವಿದ. ಪಟ್ಟಾ ಗಾಲಿಯನ್ನು ಕಚ್ಚಿ ಹಿಡಿಯಿತು, ಕಿರುಚಲಿಲ್ಲ. ರಾಯರು ಮುಂದಿನ ಸೀಟಿಗೆ ಹೋಗದೆ ಹಿಂದೆ ಹತ್ತಿ ಮಗಳ ಕಾಲು ಹಿಡಿದು ಕೂತರು. ಹುಡುಗಿ ಮತ್ತೆ ನರಳಿದ್ದು ಕೇಳಿಸಿತು. ಲಾರಿ ಗಂಟಲು ತುಂಬ ಗಾಳಿ ನುಂಗುತ್ತ ಏರನ್ನು ಒಂದೇ ಉಸಿರಿನಲ್ಲಿ ಹತ್ತಿ ಆಚೆ ಇಳಿಯಿತು. ತಾಯಣ್ಣ ಧೂಳು ಅಡಗುವವರೆಗೂ ರಸ್ತೆಯ ನಡುವೆ ನಿಂತಿದ್ದ.

ಮನೆಗೆ ಬಂದಾಗ ಮಾನಮ್ಮ ಒಲೆಯ ಮುಂದೆಯೇ ಇದ್ದಳು. ಅವನು ಕತ್ತರಿಸಿ ತಂದ ಬಾರಿನ ತುಂಡನ್ನು ಅವಳ ಅಂಗೈ ಮೇಲಿಟ್ಟ. ಮೆತ್ತನೆಯ ತೊಗಲಿನಲ್ಲಿ ಮೇಲೆ ನಾಲ್ಕು, ಕೆಳಗೆ ಮೂರು ಹಲ್ಲಿನ ಗುರುತು ಆಳವಾಗಿ ಮೂಡಿದ್ದವು. ನಡೆದದ್ದನ್ನು ಹೇಳಿದ. ಅವಳು ಒಂದೊಂದು ಗುರುತಿನ ಮೇಲೂ ಬೆರಳಾಡಿಸುತ್ತ ಕೇಳಿದಳು.

"ಉಗುಳಿದನೇನು?"

"ಇಲ್ಲ. ನುಂಗಿದ."

"ಆ ಹುಡುಗಿ?"

"ಹೋಗುವಾಗ ಉಸಿರಿತ್ತು."

ಮಾನಮ್ಮ ಬಾರಿನ ತುಂಡನ್ನು ಒಲೆಗೆ ಹಾಕಿದಳು. ಹಸಿ ತೊಗಲು, ಬೇಗ ಹತ್ತಲಿಲ್ಲ. ಸುರುಟಿಕೊಂಡು ಹೊಗೆಯಾಡತೊಡಗಿತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಊದುಗೊಳವಿ ತಗೊಂಡು, ಬಗ್ಗಿ ಊದಿದಳು.